ಎಣ್ಣೆ ಮುಟ್ಟದ ಸಿಲಿಂಡರ್

ಮಾವ,

ಮೊದಲ ಬಸ್ಸಿಗೆ ಮಂಗಳೂರಿಗೆ ಹೊರಟೆ. ಸಿಲಿಂಡರಿಗೆ ಜೋಡಿಸಿ ಉಸಿರಾಡುವ ನನ್ನ ಡೈವಿಂಗಿನ ರೆಗ್ಯುಲೇಟರ್ ಹುಡುಕಬೇಡಿ, ಚೀಲದಲ್ಲಿ ಉಂಟು. ಬೆಳಿಗ್ಗೆ ಕೈಗೆತ್ತಿಕೊಂಡರೆ ಘಮ್ಮೆಂದು ತೆಂಗಿನೆಣ್ಣೆಯ ಪರಿಮಳ! ಬೀಗ, ಸೈಕಲ್, ಬಾವಿಯ ರಾಟೆ, ಎಲ್ಲಕ್ಕೂ ನಿಮ್ಮದು ಒಂದೇ ಮದ್ದು. “ತಿರುಪು ಬಿಗಿ ಉಂಟಲ್ಲ ಮಾರಾಯ, ಒಂದು ಹನಿ ಬಿಟ್ಟರೆ ಬೆಣ್ಣೆ!” ಎಂದು ನಿಮ್ಮ ಸ್ವರದಲ್ಲೇ ಹೇಳಿ ನೋಡಿದೆ, ನಗು ಬಂತು. ಆಮೇಲೆ ಸಿಲಿಂಡರ್ ಕಣ್ಣಿಗೆ ಬಿತ್ತು.

ಮೂಲೆಯ ಸಿಲಿಂಡರಿನಲ್ಲಿರುವುದು ಬರೀ ಗಾಳಿಯಲ್ಲ, ಆಳದಿಂದ ಮೇಲೇರುವಾಗ ಉಸಿರಾಡಲೆಂದು ಭಾರೀ ಒತ್ತಡದಲ್ಲಿ ತುಂಬಿಸಿದ ಶುದ್ಧ ಆಕ್ಸಿಜನ್. ಅದಕ್ಕೆ ಎಣ್ಣೆ ತಾಗಿದರೆ ಬೆಂಕಿಕಡ್ಡಿಯೂ ಬೇಡ, ವಾಲ್ವ್ ತಿರುಗಿಸಿದ ಕೂಡಲೇ ಹೊತ್ತಿಕೊಳ್ಳಬಹುದು. ಪರಿಮಳ ಬಾರದೆ ನಾನು ಜೋಡಿಸಿ ತಿರುಗಿಸಿದ್ದರೆ, ಈ ಚೀಟಿ ಬರೆಯಲು ಕೈ ಇರುತ್ತಿತ್ತೋ ಇಲ್ಲವೋ. ಒರೆಸಿದರೆ ಸಾಲದು, ಪೂರ್ತಿ ಬಿಚ್ಚಿ ತೊಳೆಯಲು ಗೊತ್ತಿರುವವರಲ್ಲಿಗೆ ಕೊಂಡುಹೋಗುತ್ತಿದ್ದೇನೆ.

ನಾನು ಬರುವವರೆಗೆ ಸಿಲಿಂಡರ್ ಮುಟ್ಟಬೇಡಿ. ಕೈ ತೊಳೆದುಕೊಂಡೂ ಬೇಡ. ಬೀಡಿ ಅಂಗಳದಾಚೆಗೆ. “ಈ ಮನೆಯಲ್ಲಿ ಎಣ್ಣೆ ಮುಟ್ಟದ ಗಂಡಸು ನಾನೊಬ್ಬನೇ” ಎಂದು ಊರಿಡೀ ಹೇಳುತ್ತೀರಲ್ಲ, ಇನ್ನು ಸಿಲಿಂಡರನ್ನೂ ನಿಮ್ಮ ಸಂಘಕ್ಕೆ ಸೇರಿಸಿಕೊಳ್ಳಿ.

ಬೇಸರ ಬೇಡ. ನನ್ನ ಸಾಮಾನು ಸುಲಭದಲ್ಲಿ ತಿರುಗಲಿ ಎಂದೇ ಹಾಕಿದ್ದು, ಗೊತ್ತುಂಟು. ಗಂಜಿ ಮುಚ್ಚಿಟ್ಟಿದ್ದೇನೆ, ಚಟ್ನಿ ಪಕ್ಕದಲ್ಲಿದೆ.

ಮತ್ತೊಂದು. ಅಡುಗೆಯ ಎಣ್ಣೆಯೆಲ್ಲ ನೀವೇ ಮುಗಿಸುತ್ತೀರೆಂದು ಮುನಿಸಿಕೊಂಡು ಬೆಳ್ಳೂರಿಗೆ ಹೋಗಿರುವ ಅತ್ತೆಗೆ ನಿಮ್ಮ ಸ್ವರದಲ್ಲಿ ಫೋನ್ ಮಾಡಿದೆ: “ಇನ್ನು ಎಣ್ಣೆ ಕುಪ್ಪಿ ನಿನ್ನ ವಶದಲ್ಲೇ ಇರಲಿ, ನಾನು ಕೇಳಿದರೂ ಕೊಡಬೇಡ.” ಅವರಿಗೆ ಎಷ್ಟು ಖುಷಿಯಾಯಿತೆಂದರೆ ಸಂಜೆಯೇ ಬರುತ್ತಾರಂತೆ. ಸ್ವರ ನಿಮ್ಮದು, ಮಾತು ಉಳಿಸಿಕೊಳ್ಳಿ.

ವಿನೀತ