ತುಕ್ಕಿನ ಇಲಿ

ಆಶಿಷ್, ನಿನ್ನ ಕಾರು ಬಣ್ಣದಿಂದ ಬಚಾವಾಯಿತು ಮಾರಾಯ!

ತುಕ್ಕು ಹಿಡಿದ ಡಬ್ಬಕ್ಕೆ ಜೋರು ಇಂಜಿನ್ ಕೂರಿಸಿದರೆ ಹಳೇ ಕಾರು ಬಿಚ್ಚಿ ಹೊಸದಾಗಿ ಕಟ್ಟುವ ಹಾಟ್ ರಾಡ್ ಮಂದಿ ಅದನ್ನು ‘ಇಲಿ’ ಅನ್ನುತ್ತಾರೆ ಎಂದು ಹೇಳಿಕೊಟ್ಟವನು ನೀನು. ದುಡ್ಡಿದ್ದವರು ಹಂಗಿಸಿ ಇಟ್ಟ ಹೆಸರನ್ನೇ ಇಲ್ಲದವರು ಬಾವುಟ ಮಾಡಿಕೊಂಡರು.

ನೀನು ಸತ್ತ ಮೇಲೆ ಕೊಳ್ಳಲು ಬಂದವರೆಲ್ಲ ಪೇಂಟಿನ ಮಾತೇ ಆಡಿದರು. ಒಬ್ಬರಿಗೂ ಕೊಡಲಿಲ್ಲ.

ಇವತ್ತು ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲಾಟಿಗೆ ಕಾರು ಕೊಳ್ಳಲು ಬಂದ ಮೆಕ್ಯಾನಿಕ್ ವಂಜಿರು, ತುಕ್ಕು ಸವರಿ “ಪನ್ಯಾ!” ಎಂದು ನಕ್ಕಳು. ಸ್ವಾಹಿಲಿಯಲ್ಲೂ ನಿನ್ನದು ಇಲಿಯೇ.

“ಬಣ್ಣ ಹೊಡೀತೀಯಾ?” ಎಂದೆ.

“ಇಲಿಗೆ ಯಾರಾದ್ರೂ ಸೂಟ್ ಹೊಲಿಸ್ತಾರಾ, ಸಿಸ್ಟರ್?”

ಎದೆ ಹಗುರಾಯಿತು. ಕೀ ಕೊಟ್ಟೆ. ಅಪ್ಪರ್ ಹಿಲ್‌ನ ನನ್ನ ಆಫೀಸಿಗೆ ಅದೇ ಕಾರಲ್ಲಿ ಅವಳೇ ಡ್ರಾಪ್ ಕೊಟ್ಟಳು. ಈ ತುಕ್ಕಿಗೆ ನಾಚಿ ನಿನ್ನನ್ನು ನಾನು ಯಾವಾಗಲೂ ಕಾಯಿಸುತ್ತಿದ್ದ ಹಿಂದಿನ ಓಣಿ ಬೇಡವೆಂದೆ. ನನ್ನ ಬ್ಯಾಂಕಿನ ಗೇಟಿನೆದುರೇ, ಎಲ್ಲರ ಕಣ್ಣೆದುರೇ ಇಳಿದೆ.