ಹೆರಿಗೆ ವಾರ್ಡಿನಲ್ಲಿ ನಮ್ಮ ಮಾತು

ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಬರೆಯಲು ಕೂರುತ್ತೇನೆ, ಏಳುತ್ತೇನೆ, ಕಿಟಕಿಯ ತನಕ ಹೋಗಿ ಬರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಅಪ್ಪ ಸುಮ್ಮನೆ ಬೈಯುತ್ತಿರಲಿಲ್ಲ.

ಇಲ್ಲಿ ಸಿಟಿ ಆಸ್ಪತ್ರೆಯಲ್ಲಿ ನಮ್ಮವರ ಮಾತನ್ನು ಕನ್ನಡಕ್ಕೆ ತಿರುಗಿಸುವ ದುಭಾಷಿ ಕೆಲಸ ನಡೆದಿದೆ. ನಮ್ಮ ಕಾಡಿನ ಜನಕ್ಕೆಂದು ಸರ್ಕಾರ ಹೊಸ ನಿಯಮ ತಂದಿದೆ: ಹೆರುವಾಗ ತಾಯಿ ಜೊತೆಗಿರಬಹುದು, ಮಲಗದೆ ಕುಕ್ಕರಗಾಲಿನಲ್ಲಿ ಕೂತೇ ಹೆರಬಹುದು. ಕೇಳಿ ಎಷ್ಟು ಹಿಗ್ಗಿದ್ದೆ!

ಹೋದ ತಿಂಗಳು ನಮ್ಮವಳೊಬ್ಬಳು ಬೇನೆ ತಿನ್ನುತ್ತ ಬಂದಳು. ಕಟ್ಟಡ ಕೆಲಸದವಳು, ಚೊಚ್ಚಲು. ಮಂಚದ ಮೇಲೆ ಮಲಗಲೊಲ್ಲಳು. ಅವಳ ಅವ್ವನನ್ನು ಬಾಗಿಲಲ್ಲೇ ತಡೆದಿದ್ದರು. ನಾನು ನಿಯಮ ನೆನಪಿಸಿದೆ.

"ಅದು ಕಾಡಲ್ಲಿರೋರಿಗೆ ಕಣ್ರೀ. ಇವರು ಸಿಟೀಲಿದಾರಲ್ಲ?" ಎಂದರು ಹಿರಿಯ ನರ್ಸ್.

"ಸಿಟಿಗೆ ಬಂದ್ರೆ ಹೆರೋ ರೀತಿ ಬದಲಾಗುತ್ತಾ ಸಿಸ್ಟರ್?"

"ನನ್ನ ಮೇಲ್ಯಾಕೆ ರೇಗ್ತೀರಿ? ನಾಳೆ ಮೇಲಿನೋರು ಕೇಳಿದ್ರೆ ಉತ್ತರ ಕೊಡೋಳು ನಾನು."

ಅವರ ಮಾತೂ ಸುಳ್ಳಲ್ಲ.

ಒಳಗಿನಿಂದ ಹುಡುಗಿ ನಮ್ಮ ಮಾತಿನಲ್ಲಿ ಕೂಗಿಕೊಂಡಳು. ನಾನು ಡಾಕ್ಟರಮ್ಮನ ಕೋಣೆಗೆ ಓಡಿದೆ. ಊಟದ ಡಬ್ಬಿ ಬಿಚ್ಚುತ್ತಿದ್ದರು. "ಏನಂತ ಕೂಗ್ತಿದಾಳೆ?" ಎಂದು ಕೇಳಿದರು.

"'ಅವ್ವಾ, ಒಬ್ಬಳನ್ನೇ ಬಿಡಬೇಡ' ಅಂತಿದಾಳೆ."

ಡಬ್ಬಿ ಮುಚ್ಚಿ ಎದ್ದರು. "ಆ ತಾಯಿನ ಒಳಗೆ ಬಿಡಿ. ಮೇಲಿನೋರಿಗೆ ನಾನು ಉತ್ತರ ಕೊಡ್ತೀನಿ."

ನೆಲಕ್ಕೆ ಹಾಸಿದ ಚಾಪೆಯ ಮೇಲೆ, ಅವ್ವನ ತೋಳು ಹಿಡಿದು ಹೆತ್ತಳು. ಗಂಡು. ಏನು ಗಂಟಲು ಅಂತೀ!

ಇಷ್ಟಾದರೂ ನನಗೆ ಸಮಾಧಾನವಿಲ್ಲ. ಡಾಕ್ಟರಮ್ಮ ರಜೆ ಹಾಕಿದ ದಿನ ಬರುವವಳ ಗತಿ ಏನು? ನಿಯಮದಲ್ಲಿ 'ನಗರದಲ್ಲಿರುವವರಿಗೂ' ಎಂದು ಸೇರಿಸಿ ಎಂದು ಆರೋಗ್ಯ ಕಚೇರಿಗೆ ಅಲೆಯುತ್ತಿದ್ದೇನೆ. "ನೋಡೋಣ" ಎನ್ನುತ್ತಾರೆ. ನೋಡಿ ನೋಡಿ ಅವರ ಕಣ್ಣು ಸವೆಯಲಿಲ್ಲ, ನನ್ನ ಚಪ್ಪಲಿ ಸವೆಯಿತು. ಬಿಡುವವಳಲ್ಲ, ನಾಳೆ ಡಾಕ್ಟರಮ್ಮನೂ ಜೊತೆಗೆ ಬರುತ್ತಾರಂತೆ.

ನಿನ್ನ ಮನೆ ತಣ್ಣಗಿರಲಿ. ಮಕ್ಕಳು ಕಾಯಿಲೆ ಕಸಾಲೆಯಿಲ್ಲದೆ ಬೆಳೆಯಲಿ.

ನಿನ್ನ ಅಕ್ಕ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಕೈ ಏಳಲಿಲ್ಲ. ನನ್ನ ಮಗಳಿಗೆ ಹೆಣ್ಣು ಮಗುವಾಗಿದೆ, ಇಬ್ಬರೂ ಚೆನ್ನಾಗಿದ್ದಾರೆ. ನಾನಿರುವ ಆಸ್ಪತ್ರೆ ಬೇಡವೆಂದು ಹಟ ಹಿಡಿದು ಬೇರೆ ಕಡೆ ಸೇರಿದ್ದಳು. ಕೂಸನ್ನು ಎತ್ತಿಕೊಂಡು ನಮ್ಮ ಮಾತಿನಲ್ಲಿ ಮುದ್ದಾಡಿದೆ. ಮಗಳು ನನ್ನ ಕೈ ಒತ್ತಿದಳು. "ಅಮ್ಮಾ, ಇಲ್ಲಿ ಬೇಡ. ಪಕ್ಕದ ಮಂಚದೋರಿಗೆ ಕೇಳ್ಸುತ್ತೆ."

ಸುಮ್ಮನಾದೆ. ಕೂಸು ಮಾತ್ರ ಇನ್ನೂ ನನ್ನ ಬಾಯನ್ನೇ ನೋಡುತ್ತಿತ್ತು.