ಇಲ್ಲಿ ನಂಗೆಷ್ಟು ವರ್ಷ?

ಏಪ್ರಿಲ್ ೧೮, ಬೆಳಿಗ್ಗೆ

ಬಕೆಟ್ ಒಂದೇ. ಬಿಸಿನೀರು ಏಳರವರೆಗೆ ಮಾತ್ರ. ಗುಂಡನ ಸ್ನಾನ ಆಯಿತು. ಇವರದು ನಡೆಯುತ್ತಿದೆ, ಒಳಗಿನಿಂದ ಸಿಳ್ಳೆ ಕೇಳುತ್ತಿದೆ. ಮಗಳು ಚಿನಕುರುಳಿ ಇನ್ನೂ ಎದ್ದಿಲ್ಲ; ಎದ್ದರೆ ಲಾಡ್ಜಿನ ಅಷ್ಟೂ ಮಂದಿಗೆ ಗೊತ್ತಾಗುತ್ತದೆ.

ನಾನು ಕತ್ತಲಿರುವಾಗಲೇ ಎದ್ದೆ. ಕೂರಲು ಜಾಗವಿಲ್ಲ, ಇದ್ದರೂ ಕೂರುವ ಜಾತಿಯವಳಲ್ಲ. ಅಂಗಡಿಯಲ್ಲಿ ದಿನವಿಡೀ ಮಿಷನ್ ಮುಂದೆ ಕೂತಿರುತ್ತೇನೆ ನಿಜ, ಆದರೆ ಕಾಲಾದರೂ ತುಳಿಯುತ್ತಿರುತ್ತದೆ. ಇಲ್ಲಿ ಕಾಲಿಗೂ ಕೆಲಸವಿಲ್ಲ, ಕೈಗೂ ಇಲ್ಲ. ಅದಕ್ಕೇ ಈ ಗೀಚಾಟ. ನಿಂತುಕೊಂಡೇ ಬರೆಯುತ್ತಿದ್ದೇನೆ, ಕಿಟಕಿಯ ಕಟ್ಟೆ ಮೇಲೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. "ಸಿಟಿ ವ್ಯೂ" ಅಂತ ಹಾಕಿದ್ದರು. "ಗೋಡೆಯೂ ಸಿಟೀದೇ ಅಲ್ವೇನೇ?" ಅಂತಾರೆ ಇವರು.

ಬಂದದ್ದು ಹುಂಜ ನೋಡಲು. ಇವರ ಪ್ರೆಸ್ಸಿನಲ್ಲಿ ಅಚ್ಚಾದ ಹಳೇ ಕ್ಯಾಲೆಂಡರು ಅಡುಗೆಮನೆಯಲ್ಲಿದೆ. ಅದರಲ್ಲಿ ಈ ಊರಿನ ಗಡಿಯಾರ ಗೋಪುರ. ಮಧ್ಯಾಹ್ನ ಹನ್ನೆರಡು ಹೊಡೆದರೆ ಬಾಗಿಲು ತೆರೆದು ಮರದ ಹುಂಜ ಹೊರಗೆ ಬರುತ್ತದೆ, ರೆಕ್ಕೆ ಬಡಿಯುತ್ತದೆ. ಕ್ಯಾಲೆಂಡರಿನ ವರ್ಷ ಮುಗಿದು ಎಷ್ಟು ಕಾಲವಾಯಿತೋ, ಚಿನಕುರುಳಿ ಅದನ್ನು ತೆಗೆಯಲು ಬಿಟ್ಟಿಲ್ಲ. ಹುಂಜ ಏನು ತಿನ್ನುತ್ತೆ, ರಾತ್ರಿ ಎಲ್ಲಿ ಮಲಗುತ್ತೆ, ಅದಕ್ಕೆ ತಂಗಿ ಇದೆಯಾ... ಉತ್ತರ ಹೇಳಿ ಹೇಳಿ ಸಾಕಾಗಿ ಹೊರಟುಬಂದೆವು ಅಂದರೂ ಆಯಿತು.

ಸಿಳ್ಳೆ ನಿಂತಿತು. ನನ್ನ ಸರದಿ.

೧೮, ಮಧ್ಯಾಹ್ನ

ಪಾರ್ಕಿನ ಬೆಂಚು. ಬ್ರೆಡ್ಡು, ಬಾಳೆಹಣ್ಣು. ಗುಂಡ ನಿದ್ದೆ. ಸೊಂಟ ಬಿದ್ದುಹೋಗಿದೆ.

ಈ ಊರಲ್ಲಿ ಉಸಿರಾಡಲೂ ಟಿಕೆಟ್. ಐದರೊಳಗಿನ ಮಕ್ಕಳಿಗೆ ಮಾತ್ರ ಪುಕ್ಕಟೆ. ಗುಂಡನಿಗೆ ಎರಡು, ಅವನ ಚಿಂತೆ ಇಲ್ಲ. ಚಿನಕುರುಳಿಗೆ ಆರು ತುಂಬಿದೆ. ಹೊರಡುವ ಮೊದಲೇ ಇವರು ಅಂದಿದ್ದರು, "ನೋಡೋಕೆ ಚಿಕ್ಕೋಳೇ ಇದ್ದಾಳೆ. ನಾಲ್ಕು ಅಂದ್ರೆ ಯಾರಿಗೆ ಗೊತ್ತಾಗುತ್ತೆ?"

ನನಗೆ ಗೊತ್ತಾಗುತ್ತದೆ. ಸ್ಕೂಲ್ ಯೂನಿಫಾರ್ಮು ಹೊಲಿಯುವವಳು ನಾನು. ಟೇಪು ಹಿಡಿಯುವ ಮೊದಲೇ ಭುಜ ನೋಡಿ ಮಗುವಿನ ವಯಸ್ಸು ಹೇಳುತ್ತೇನೆ. ಆದರೆ ಕೌಂಟರಿನಲ್ಲಿ ಕೂತವರು ದರ್ಜಿಗಳಲ್ಲವಲ್ಲ. ಸರಿ ಅಂದೆ. ಅಂದದ್ದಷ್ಟೇ ಅಲ್ಲ, ನನ್ನ ವಿದ್ಯೆಯನ್ನೂ ಧಾರೆ ಎರೆದೆ. ಬಿಗಿ ಬಟ್ಟೆ ಮಗುವನ್ನು ದೊಡ್ಡದು ಮಾಡಿ ತೋರಿಸುತ್ತದೆ, ದೊಗಲೆ ಬಟ್ಟೆ ಚಿಕ್ಕದು ಮಾಡುತ್ತದೆ. ಒಂದು ನೀಲಿ ಫ್ರಾಕು ಹೊಲಿದೆ. ಭುಜ ಇಳಿಬಿದ್ದು, ತೋಳು ಬೆರಳು ಮುಚ್ಚುವಂತೆ. ಹಾಕಿದರೆ ಥೇಟ್ ನಾಲ್ಕು ವರ್ಷದ ಕೂಸು. ನನ್ನ ಕೈಕೆಲಸಕ್ಕೆ ನಾನೇ ಬೀಗಿದ್ದೆ.

ಇವತ್ತು ಮೃಗಾಲಯದ ಗೇಟಿನಲ್ಲಿ ಅವಳನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋದೆ. ಕಾಲು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಸರಿಯಾಗಿ ಕೌಂಟರಿನ ಮುಂದೆ ಜೋರಾಗಿ ಕೇಳಿದಳು:

"ಅಮ್ಮಾ, ಇಲ್ಲಿ ನಂಗೆಷ್ಟು ವರ್ಷ?"

ನಾನು ಕೆಮ್ಮಿದೆ. ಇವರು ಕೆಮ್ಮಿದರು. ಕೌಂಟರಿನವನಿಗೆ ಫೋನ್ ಬಂದಿತ್ತು, ಬದುಕಿಕೊಂಡೆವು. ಒಳಗೆ ಹೋಗಿ ಹೊಟ್ಟೆ ಹಿಡಿದು ನಕ್ಕೆವು. ಯಾವ ಪ್ರಾಣಿ ನೋಡಿದೆವೋ ನೆನಪಿಲ್ಲ.

ಇವರು ಎದ್ದು ನಿಂತರು. ಇನ್ನೂ ಎರಡು ಜಾಗ ನೋಡಬೇಕಂತೆ.

೧೯, ಸಂಜೆ

ಇವತ್ತು ಮಾನ ಹೋಯಿತು.

ಮ್ಯೂಸಿಯಮ್ಮು. ಕೌಂಟರಿನಲ್ಲಿ ಹೆಂಗಸು, ನಗುಮುಖ. ಚಿನಕುರುಳಿಯ ಗಲ್ಲ ಹಿಡಿದು, "ಎಷ್ಟು ವರ್ಷ ಪುಟ್ಟಾ ನಿಂಗೆ?" ಅಂದರು.

"ನಾಲ್ಕು!" ಅಂದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. "ನಾನು ಒಂದನೇ ಕ್ಲಾಸ್ ಮುಗಿಸಿದೀನಿ. ನಂಗೆ ಏಳರ ಮಗ್ಗಿ ಬರುತ್ತೆ, ಹೇಳ್ಲಾ?"

ಹೇಳಿಯೇಬಿಟ್ಟಳು. ಕೊನೆಯವರೆಗೂ. ಹಿಂದೆ ಕ್ಯೂನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಕೌಂಟರಿನ ಹೆಂಗಸು ನಗುತ್ತಲೇ ಅರ್ಧ ಟಿಕೆಟ್ ಹರಿದು ಇವರ ಕೈಗಿಟ್ಟರು. "ಬುದ್ಧಿವಂತೆ" ಅಂದರು. ಅವಳಿಗೆ ಅಂದರೋ ನಮಗೆ ಅಂದರೋ.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಬಿಸಿಲು, ಕಾಲುನೋವು, ಹೆಗಲ ಮೇಲೆ ಗುಂಡ ಬೇರೆ. ರಟ್ಟೆ ಹಿಡಿದು ನಿಲ್ಲಿಸಿದೆ.

"ಇನ್ಮೇಲೆ ಯಾರಾದ್ರೂ ಕೇಳಿದ್ರೆ ನಾಲ್ಕು ಬೆರಳು ತೋರಿಸೋದು. ಅಷ್ಟೇ. ಬಾಯಿ ಬಿಟ್ಟೆ ಅಂದ್ರೆ ಹುಂಜ ಇಲ್ಲ, ನೋಡ್ಕೋ."

"ಒಂದ್ ಮಾತೂ ಆಡ್ಬಾರ್ದಾ?"

"ಒಂದೂ ಇಲ್ಲ."

"ಹೆಸರು ಕೇಳಿದ್ರೆ?"

"ಊಹ್ಞೂಂ."

ತುಟಿ ಒಳಗೆಳೆದುಕೊಂಡಳು. ಕೆನ್ನೆ ಉಬ್ಬಿತು. ಇವರಿಗೆ ನಗು. "ಇದು ಎಷ್ಟೊತ್ತು ಇರುತ್ತೋ ನೋಡೋಣ" ಅಂದರು.

೨೦, ಸಂಜೆ

ಮೂರು ಗೇಟು, ದೋಣಿಯದೂ ಸೇರಿ. ಮೂರು ಕಡೆಯೂ ನಾಲ್ಕು ಬೆರಳು. ತುಟಿ ಪಿಟಕ್ಕೆನ್ನಲಿಲ್ಲ. ಇವರು ಶಭಾಷ್ ಅಂದರು. ಗೇಟು ದಾಟಿದ ಮೇಲೆ ಅಣೆಕಟ್ಟೆ ಬಾಗಿಲು ತೆಗೆದ ಹಾಗೆ ಮಾತು.

ಕಾಲಲ್ಲಿ ಬೊಬ್ಬೆ. ಆದರೂ ರೂಮಿಗೆ ಬಂದು ಕೂತರೆ ಏನೋ ಕಳೆದುಹೋಗುತ್ತಿದೆ ಅನ್ನಿಸುತ್ತದೆ. ಇಷ್ಟು ಖರ್ಚು ಮಾಡಿ ಬಂದು ಗೋಡೆ ನೋಡುವುದೇ? ಎದ್ದು ಮಕ್ಕಳ ಬಟ್ಟೆ ಮಡಿಸಿದೆ. ಮತ್ತೆ ಬಿಚ್ಚಿ ಮಡಿಸಿದೆ. "ನಿನ್ನ ಕಾಲಿಗೆ ಚಕ್ರ ಕಟ್ಟಿದಾರೇನೇ?" ಅಂತ ಇವರು.

ನಾಳೆ ಹುಂಜ.

೨೨, ಬೆಳಿಗ್ಗೆ

ನಿನ್ನೆ ಬರೆಯಲಿಲ್ಲ. ಈಗಲೂ ಎಡಗೈಯಲ್ಲಿ ಅವಳ ಕೈ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಮಲಗಿದ್ದಾಳೆ. ಬಿಡಲು ಮನಸ್ಸಿಲ್ಲ.

ಗೋಪುರದ ಚೌಕ. ಕೆಳಗೆ ನಿಂತು ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ, ಎದುರಿನ ಮಹಡಿಗೆ ಹತ್ತಿದರೆ ಟಿಕೆಟ್. ನಾವು ಕೆಳಗೇ ನಿಂತೆವು. ಜನವೋ ಜನ, ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು. ಗುಂಡ ಅಪ್ಪನ ಹೆಗಲ ಮೇಲೆ. ಚಿನಕುರುಳಿ ಇವರ ಪ್ಯಾಂಟು ಹಿಡಿದಿದ್ದಾಳೆ ಅಂತ ನಾನು, ನನ್ನ ಸೆರಗು ಹಿಡಿದಿದ್ದಾಳೆ ಅಂತ ಇವರು. ಹನ್ನೆರಡಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಇವರು ತಿರುಗಿ, "ಎತ್ಕೋತೀನಿ ಕೊಡು ಅವಳನ್ನ" ಅಂದರು.

"ನಿಮ್ಮ ಹತ್ರ ಇಲ್ವಾ?"

ಆ ಒಂದು ಮಾತು.

ಕೂಗಿದೆ. ಇವರು ಒಂದು ಕಡೆ, ನಾನು ಒಂದು ಕಡೆ. ಸಿಕ್ಕಿದವರನ್ನೆಲ್ಲ ಕೇಳಿದೆ: "ಆರು ವರ್ಷದ ಹುಡುಗಿ, ಬಾಯಿ ತುಂಬಾ ಮಾತು, ನೋಡಿದ್ರಾ?" ಅಷ್ಟರಲ್ಲಿ ಗಂಟೆ ಹೊಡೆಯತೊಡಗಿತು. ಹುಂಜ ಬಂತೇನೋ. ಹೋ ಎಂದು ಕೂಗು ಎದ್ದಿತು. ಊರೆಲ್ಲ ತಲೆ ಎತ್ತಿ ಮೇಲೆ ನೋಡುತ್ತಿದ್ದರೆ ನಾನು ಬಗ್ಗಿ ಕಾಲುಗಳ ನಡುವೆ ಹುಡುಕುತ್ತಿದ್ದೆ.

ಕಂಬದ ಮೈಕಿನಲ್ಲಿ ಹೇಳುತ್ತಿದ್ದರು. ಗಂಟೆಯ ಸದ್ದಿನಲ್ಲಿ ಅರ್ಧ ಕೇಳಿತು. "...ಮಾತು ಬಾರದ, ನಾಲ್ಕು ವರ್ಷದ ಹೆಣ್ಣುಮಗು... ಪೋಷಕರು ಕೂಡಲೇ..."

ಕೇಳಿದೆ. ಕೇಳಿ ಮುಂದೆ ಹೋದೆ. ಪಾಪ, ಯಾರ ಮಗುವೋ, ಮಾತು ಬೇರೆ ಬರುವುದಿಲ್ಲವಂತೆ, ಅದರ ತಾಯಿ ಎಲ್ಲಿ ಸತ್ತಿದ್ದಾಳೋ ಅಂತ ಬೈದುಕೊಂಡೆ. ಆ ತಾಯಿ ನಾನೇ.

ಎರಡನೇ ಸಲವೂ ಕೂಗಿದರಂತೆ, ನನಗೆ ಕೇಳಲೇ ಇಲ್ಲ. ಐಸ್‌ಕ್ರೀಮ್ ಗಾಡಿ, ಶೌಚಾಲಯ, ಬಸ್ ನಿಲ್ದಾಣ, ಎಲ್ಲ ಸುತ್ತಿ ಬಂದೆ. ಇವರು ಎದುರಿಗೆ ಸಿಕ್ಕರು, ಗುಂಡ ಅಳುತ್ತಿದ್ದ, ಇವರೂ ಅಳುತ್ತಿದ್ದರು. ಇವರು ಅತ್ತದ್ದನ್ನು ನಾನು ಹಿಂದೆ ನೋಡಿಲ್ಲ. ಆಗ ಮೂರನೇ ಸಲ ಮೈಕು.

"ಮಗು ಕೇಳಿದ್ದಕ್ಕೆಲ್ಲ ನಾಲ್ಕು ಬೆರಳು ಮಾತ್ರ ತೋರಿಸುತ್ತಿದೆ..."

ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ.

ಮೈಕಿನವರ ಬೂತು ಇದ್ದದ್ದು ನಾವು ಮೊದಲು ನಿಂತಿದ್ದ ಜಾಗದ ಹಿಂದೆಯೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತ ಗಾದೆ ಹೇಳಿ ನಗುತ್ತಿದ್ದೆ. ಇನ್ನು ನಗಲಾರೆ.

ಸ್ಟೂಲಿನ ಮೇಲೆ ಕೂತಿದ್ದಳು. ದೊಗಲೆ ಫ್ರಾಕಿನೊಳಗೆ ಇಷ್ಟೇ ಇಷ್ಟು. ತುಟಿ ಒಳಗೆಳೆದುಕೊಂಡು, ಕೆನ್ನೆ ಉಬ್ಬಿಸಿಕೊಂಡು. ಕಣ್ಣೀರು ಹರಿದು ಒಣಗಿತ್ತು. ನನ್ನನ್ನು ನೋಡಿದಳು, ಆದರೂ "ಅಮ್ಮಾ" ಅನ್ನಲಿಲ್ಲ. ಯೂನಿಫಾರ್ಮಿನ ಹೆಂಗಸು ಪಕ್ಕದಲ್ಲೇ ಇದ್ದರಲ್ಲ.

"ಏನಮ್ಮ, ಮೂರು ಸಲ ಕೂಗಿದ್ವಿ. ಕಿವಿ ಎಲ್ಲಿಟ್ಟಿದ್ರಿ?" ಅಂದರು ಅವರು. ಆಮೇಲೆ ಮೆತ್ತಗೆ, "ಹುಟ್ಟಿನಿಂದಲೇ ಮಾತಿಲ್ವಾ?"

"ಇದೆ. ಆಡ್ತಾಳೆ."

"ಮತ್ತೆ? ಹೆಸರು ಕೇಳಿದ್ರೂ ನಾಲ್ಕು, ಅಪ್ಪ ಎಲ್ಲಿ ಅಂದ್ರೂ ನಾಲ್ಕು. ವಯಸ್ಸು ನಾಲ್ಕು ತಾನೇ?"

ಚಿನಕುರುಳಿ ನನ್ನನ್ನೇ ನೋಡುತ್ತಿದ್ದಳು. ಆರು ಅನ್ನಬೇಕಿತ್ತು. ಆರು ಅಂದರೆ ಇನ್ನಷ್ಟು ಕೇಳುತ್ತಾರೆ, ನಿಮ್ಮ ಮಗುವೇ ಅಲ್ಲ ಅನ್ನುತ್ತಾರೆ ಅಂತ ಹೆದರಿಕೆ. ಬೇಗ ಎತ್ತಿಕೊಂಡರೆ ಸಾಕಾಗಿತ್ತು.

"ಹೌದು. ನಾಲ್ಕು."

ಎತ್ತಿಕೊಂಡೆ. ಭಾರ ಗೊತ್ತಾಗಲಿಲ್ಲ. ಚೌಕ ದಾಟಿದ ಮೇಲೆ ಕಿವಿಯಲ್ಲಿ ಪಿಸುಗುಟ್ಟಿದಳು: "ನಾನು ಬಾಯೇ ಬಿಡ್ಲಿಲ್ಲ ಅಮ್ಮಾ. ಅಳು ಬಂದಾಗ್ಲೂ ಬಿಡ್ಲಿಲ್ಲ. ಹುಂಜ ತೋರಿಸ್ತೀಯಲ್ಲ?"

ಹುಂಜ ಬಂದು ಹೋಗಿ ಎಷ್ಟೋ ಹೊತ್ತಾಗಿತ್ತು. "ನಾಳೆ" ಅಂದೆ.

ಅಷ್ಟೇ. ಆಮೇಲೆ ಮಾತಿಲ್ಲ. ಊಟಕ್ಕೆ ಕರೆದರೆ ತಲೆ ಅಲ್ಲಾಡಿಸಿದಳು. ಗುಂಡ ಕೂದಲು ಎಳೆದರೂ ಸುಮ್ಮನಿದ್ದಳು. ಇನ್ನು ಮಾತಾಡಬಹುದು ಕಣೇ ಅಂದರೆ ನಂಬುವುದಿಲ್ಲ. ನಂಬುವುದು ಹೇಗೆ, ಅವಳ ಮುಂದೆಯೇ ನಾಲ್ಕು ಅಂದವಳು ನಾನು. ಇವತ್ತಿನ ಹುಂಜ ತಪ್ಪಬಾರದು ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ಈ ರೂಮು ಇಷ್ಟು ನಿಶ್ಶಬ್ದವಾಗಿರುತ್ತದೆ ಅಂತ ಗೊತ್ತಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆ.

ನಿನ್ನೆ ಸಂಜೆ ಚೀಲದಿಂದ ಸೂಜಿದಾರ ತೆಗೆದೆ. ಫ್ರಾಕಿನ ಹೊಲಿಗೆ ಬಿಚ್ಚಿ ಭುಜ ಒಳಗೆ ಹಿಡಿದೆ, ತೋಳನ್ನು ಮಣಿಕಟ್ಟಿಗೆ ತಂದೆ.

"ಏನ್ ಮಾಡ್ತಿದ್ದೀ?" ಅಂದರು ಇವರು.

"ಅಳತೆ ಸರಿ ಮಾಡ್ತಿದ್ದೀನಿ."

ಇವರು ಬಿಚ್ಚಿದ ದಾರ ಆಯ್ದು ಬೆರಳಿಗೆ ಸುತ್ತಿಕೊಂಡರು. "ನಾಳೆ ಮಹಡಿ ಮೇಲಿಂದಾನೇ ನೋಡೋಣ. ಅವಳಿಗೂ ಟಿಕೆಟ್ ತಗೊಂಡು" ಅಂದರು.

೨೨, ಬಸ್ಸಿನಲ್ಲಿ

ಹೊರಡುವ ಮೊದಲು ಬರೆದುಬಿಡಬೇಕು. ಡ್ರೈವರ್ ಇನ್ನೂ ಹತ್ತಿಲ್ಲ.

ಮಹಡಿಯ ಕ್ಯೂನಲ್ಲಿ ಎತ್ತಿಕೊಳ್ಳಲಿಲ್ಲ. ಪಕ್ಕದಲ್ಲಿ ನಡೆಸಿಕೊಂಡೇ ಹೋದೆ. ಹೊಸ ಹೊಲಿಗೆಯ ಫ್ರಾಕು, ನೋಡಿದರೆ ಆರೇ, ಏಳು ಅಂದರೂ ನಂಬುತ್ತಾರೆ. ಕೌಂಟರಿನಲ್ಲಿ ಮುದುಕರು. ಕನ್ನಡಕದ ಮೇಲಿಂದ ನೋಡಿ, "ಮಗೂಗೆ ಎಷ್ಟಮ್ಮಾ?" ಅಂದರು.

ಅವಳು ನನ್ನ ಸೆರಗು ಜಗ್ಗಿದಳು. ನಿನ್ನೆಯ ಪಿಸುಮಾತಿನ ನಂತರ ಮೊದಲ ಮಾತು, ಅದೂ ಪಿಸುಮಾತೇ:

"ಅಮ್ಮಾ, ಇಲ್ಲಿ ನಂಗೆಷ್ಟು ವರ್ಷ?"

"ಮನೇಲಿ ಎಷ್ಟೋ ಇಲ್ಲೂ ಅಷ್ಟೇ" ಅಂದೆ.

ಯೋಚಿಸಿದಳು. ಸೆರಗು ಬಿಟ್ಟು ನಾಲ್ಕು ಬೆರಳು ಎತ್ತಿದಳು. ಆಮೇಲೆ ಹೆಬ್ಬೆರಳೂ ಬಿಚ್ಚಿತು. ಐದು. ಆರನೆಯದಕ್ಕೆ ಇನ್ನೊಂದು ಕೈ ಬೇಕು. ಅದು ನನ್ನ ಮುಷ್ಟಿಯಲ್ಲಿತ್ತು. ಬೆಳಿಗ್ಗೆಯಿಂದ ಬಿಟ್ಟಿರಲಿಲ್ಲ. ಎಳೆದಳು. ನಾನು ಇನ್ನೂ ಬಿಗಿ ಹಿಡಿದೆ. "ಅಮ್ಮಾ, ಬಿಡು" ಅಂದಳು.

ಬಿಟ್ಟೆ.

ಹುಂಜ ಬಂತು. ಬಣ್ಣ ಸುಲಿದಿದೆ, ಒಂದು ರೆಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಅವಳು ಬಾಯಿ ತೆರೆದುಕೊಂಡು ನೋಡಿದಳು. ನಾನು ಅವಳ ಬಾಯಿಯನ್ನೇ ನೋಡಿದೆ.

ಬಸ್ಸು ಹೊರಟಿತು. ಅಕ್ಷರಗಳು ಕುಣಿಯುತ್ತಿವೆ. ಕಂಡಕ್ಟರ್ ನಮ್ಮ ಸೀಟಿನ ಪಕ್ಕ ನಿಂತಿದ್ದಾರೆ. ಇವರು ಇನ್ನೂ ಜೇಬಿಗೆ ಕೈ ಹಾಕಿಲ್ಲ, ಚಿನಕುರುಳಿ ಆಗಲೇ ಸೀಟಿನ ಮೇಲೆ ಹತ್ತಿ ನಿಂತಿದ್ದಾಳೆ. "ಅಂಕಲ್, ನಂಗೆ ಆರು! ಬರೋವಾಗ ನಾಲ್ಕಿತ್ತು. ಅಪ್ಪ ಹಾಗೆ ಹೇಳು ಅಂದಿದ್ರು. ಮೃಗಾಲಯದಲ್ಲೂ ನಾಲ್ಕು, ದೋಣಿ ಹತ್ರನೂ ನಾಲ್ಕು..." ಇಡೀ ಬಸ್ಸು ತಿರುಗಿ ನೋಡುತ್ತಿದೆ. ಇವರು ಕಿಟಕಿಯ ಹೊರಗೆ ನೋಡುತ್ತಿದ್ದಾರೆ, ಯಾರ ಮಗುವೋ ಅನ್ನುವ ಹಾಗೆ. ನನ್ನ ಕಿವಿ ಬಿಸಿಯಾಗಿದೆ. ಸುಮ್ಮನಿರು ಅನ್ನಲು ಬಾಯಿ ತೆರೆದೆ, ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ.